ಬ್ರಿಸ್ಟಲ್ ಊರಿನ ಎಂಪಿಗಳು: 1295ರಿಂದ ಇವತ್ತಿನವರೆಗೆ, ಪದೇ ಪದೇ ಕೇಳುವ ಪ್ರಶ್ನೆಗಳು

ಊರಿಂದ ಯಾರೇ ಬಂದರೂ ಅವರನ್ನು ಇಂಗ್ಲೆಂಡಿನ ಈ ಬ್ರಿಸ್ಟಲ್ ಪೇಟೆಯ ನಡುವೆ ಒಂದು ಸುತ್ತು ಹಾಕಿಸುತ್ತೇನೆ. ಒಂದು ಕಡೆ ಕೈ ಚಾಚಿ ನಿಂತ, 18ನೇ ಶತಮಾನದ ರಾಜಕಾರಣಿ ಎಡ್ಮಂಡ್ ಬರ್ಕ್‌ನ ವಿಗ್ರಹ. ಅಲ್ಲೇ ಹತ್ತಿರದಲ್ಲಿ ವಿಗ್ರಹವೇ ಇಲ್ಲದ ಒಂದು ಖಾಲಿ ಪೀಠ. ಇನ್ನೂ ಸ್ವಲ್ಪ ನಡೆದರೆ ಕಾಲೇಜ್ ಗ್ರೀನ್‌ನಲ್ಲಿ ಪೇಟ ಸುತ್ತಿದ ರಾಜಾ ರಾಮಮೋಹನ ರಾಯ್. ಬರ್ಕ್, ಆ ಪೀಠದ ಮೇಲೆ ನಿಂತಿದ್ದವನು, ಇಬ್ಬರೂ ಈ ಊರಿನ ಎಂಪಿಗಳಾಗಿದ್ದವರು. ಮೂರನೆಯವರು ಇಲ್ಲಿ ಒಂದು ಓಟೂ ಹಾಕಿದವರಲ್ಲ. ಆದರೂ ಈ ಕತೆಯಲ್ಲಿ ಅವರಿಗೂ ಜಾಗ ಇದೆ. ಮೂರರ ಮುಂದೆ ನಿಂತಾಗಲೂ ಬರುವ ಪ್ರಶ್ನೆಗಳು ಸುಮಾರಾಗಿ ಒಂದೇ. ಆಮೇಲೆ ಫೋನಿನಲ್ಲಿ, ಮೆಸೇಜಿನಲ್ಲಿ ಕೇಳುವವರೂ ಇದ್ದಾರೆ. ಎಲ್ಲವನ್ನೂ ಒಂದು ಕಡೆ ಕೂಡಿಸಿ ಬರೆದಿದ್ದೇನೆ.

## ಮೊದಲ ಪಾಠ

ಬ್ರಿಸ್ಟಲ್‌ಗೆ ಎಂಪಿ ಅಂತ ಯಾವಾಗಿಂದ ಇದ್ದಾರೆ?

1295ರಿಂದ ಲೆಕ್ಕ ಹಾಕುವುದು ವಾಡಿಕೆ. ಆ ವರ್ಷ ರಾಜ ಒಂದನೇ ಎಡ್ವರ್ಡ್ ದೊಡ್ಡದೊಂದು ಪಾರ್ಲಿಮೆಂಟ್ ಕರೆದ. ಯುದ್ಧಕ್ಕೆ ದುಡ್ಡು ಬೇಕಿತ್ತು, ದುಡ್ಡು ಇದ್ದದ್ದು ಪೇಟೆಗಳಲ್ಲಿ. ಪ್ರತಿ ದೊಡ್ಡ ಪೇಟೆಯಿಂದ ಇಬ್ಬರನ್ನು ಕಳಿಸಿ ಅಂದ. ಪ್ರಜಾಪ್ರಭುತ್ವದ ಮೇಲಿನ ಪ್ರೀತಿಯಿಂದ ಶುರುವಾದದ್ದಲ್ಲ, ತೆರಿಗೆಗೆ ಒಪ್ಪಿಗೆ ಪಡೆಯಲು ಶುರುವಾದದ್ದು.

ಆಗ ಎಂಪಿ ಆಗುವುದಕ್ಕೆ ಈಗಿನ ಹಾಗೆ ಯಾರೂ ಮುಗಿಬೀಳುತ್ತಿರಲಿಲ್ಲ. ಕುದುರೆ ಹತ್ತಿ ದಿನಗಟ್ಟಲೆ ಹೋಗಬೇಕು, ಇಲ್ಲಿ ಅಂಗಡಿ ಬಾಗಿಲು ಹಾಕಿರಬೇಕು. ಅದಕ್ಕೇ ಊರೇ ಅವರಿಗೆ ಕೂಲಿ ಕೊಡುತ್ತಿತ್ತು. ಪೇಟೆಯ ಪ್ರತಿನಿಧಿಗೆ ದಿನಕ್ಕೆ 2 ಶಿಲ್ಲಿಂಗ್, ಕೌಂಟಿಯಿಂದ ಹೋದ ನೈಟ್‌ಗೆ 4 ಶಿಲ್ಲಿಂಗ್. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ.

ಇನ್ನೊಂದು ವರ್ಷ ನೆನಪಿಡಬೇಕು: 1373. ಏವನ್ ನದಿಯ ಎರಡು ದಡದಲ್ಲೂ ಹಬ್ಬಿದ್ದ ಈ ಊರು ಆವರೆಗೆ ಎರಡು ಕೌಂಟಿಗಳ ನಡುವೆ ಹಂಚಿಹೋಗಿತ್ತು. ಒಂದು ದಡದವರು ಕೋರ್ಟಿಗೆ ಒಂದು ಕಡೆ ಅಲೆಯಬೇಕು, ಇನ್ನೊಂದು ದಡದವರು ಇನ್ನೊಂದು ಕಡೆ. ಆ ವರ್ಷ ಮೂರನೇ ಎಡ್ವರ್ಡ್ ಬ್ರಿಸ್ಟಲನ್ನೇ ಒಂದು ಕೌಂಟಿ ಮಾಡಿದ. ಲಂಡನ್ ಬಿಟ್ಟರೆ ಆ ಮರ್ಯಾದೆ ಸಿಕ್ಕ ಮೊದಲ ಪೇಟೆ ಇದು.

ಈಗ ಎಷ್ಟು ಜನ ಎಂಪಿಗಳು? ಮೊದಲು ಎಷ್ಟಿದ್ದರು?

ಈಗ 5. ಬ್ರಿಸ್ಟಲ್ ಸೆಂಟ್ರಲ್, ಈಸ್ಟ್, ನಾರ್ತ್ ಈಸ್ಟ್, ನಾರ್ತ್ ವೆಸ್ಟ್, ಸೌತ್.

ಹಿಂದಿನ ಲೆಕ್ಕ ಹೀಗೆ. 1295ರಿಂದ 1885ರವರೆಗೆ, ಅಂದರೆ ಸುಮಾರು 600 ವರ್ಷ, ಇಡೀ ಊರು ಒಂದೇ ಕ್ಷೇತ್ರ, ಇಬ್ಬರು ಎಂಪಿಗಳು. 1885ರಲ್ಲಿ ಊರನ್ನು ಈಸ್ಟ್, ವೆಸ್ಟ್, ನಾರ್ತ್, ಸೌತ್ ಅಂತ ನಾಲ್ಕು ಹೋಳು ಮಾಡಿ ಹೋಳಿಗೊಬ್ಬರು ಅಂದರು. 1918ಕ್ಕೆ ಸೆಂಟ್ರಲ್ ಸೇರಿ 5 ಆಯಿತು. 1950ಕ್ಕೆ 6. 1974ಕ್ಕೆ ಮತ್ತೆ 5, 1983ಕ್ಕೆ 4, 2024ಕ್ಕೆ ತಿರುಗಿ 5. ಬೆಂಗಳೂರು ನಾರ್ತ್, ಸೌತ್, ಸೆಂಟ್ರಲ್ ಅಂತ ಕೇಳಿ ಅಭ್ಯಾಸ ಇರುವ ನಮಗೆ ಈ ಹೆಸರುಗಳು ಹೊಸದೇನಲ್ಲ.

ಒಂದೇ ಕ್ಷೇತ್ರಕ್ಕೆ ಇಬ್ಬರು ಎಂಪಿ ಅಂದ್ರೆ ಹೇಗೆ? ಜಗಳ ಆಗ್ತಿರಲಿಲ್ವಾ?

ನಮ್ಮಲ್ಲೂ ಇತ್ತು, ಮರೆತಿದ್ದೇವೆ ಅಷ್ಟೆ. 1952 ಮತ್ತು 1957ರ ಲೋಕಸಭೆ ಚುನಾವಣೆಗಳಲ್ಲಿ ಭಾರತದಲ್ಲಿ ದ್ವಿಸದಸ್ಯ ಕ್ಷೇತ್ರಗಳಿದ್ದವು. 1961ರಲ್ಲಿ ಅವನ್ನು ತೆಗೆದರು. ಆದರೆ ನಮ್ಮಲ್ಲಿ ಅದು ಮೀಸಲಾತಿಗಾಗಿ ಮಾಡಿದ ಏರ್ಪಾಡು. ಬ್ರಿಸ್ಟಲ್‌ನದು ಬರೀ ಹಳೇ ರೂಢಿ.

ಇಲ್ಲಿ ಪ್ರತಿ ಮತದಾರನಿಗೆ ಎರಡು ಓಟು. ಇಬ್ಬರಿಗೆ ಒಂದೊಂದು ಹಾಕಬಹುದು. ಇಲ್ಲವೇ ಒಬ್ಬನಿಗೆ ಒಂದು ಹಾಕಿ ಇನ್ನೊಂದನ್ನು ಬೇಕೆಂದೇ ಬಿಟ್ಟುಬಿಡಬಹುದು. ಎದುರಾಳಿಗೆ ಹೋಗದಿರಲಿ ಅಂತ. ಎಷ್ಟೋ ಸಲ ಎರಡೂ ಪಕ್ಷದ ದೊಡ್ಡವರು ಕೂತು, ನಿಮಗೊಂದು ನಮಗೊಂದು ಅಂತ ಹಂಚಿಕೊಂಡು ಚುನಾವಣೆಯ ಖರ್ಚನ್ನೇ ಉಳಿಸುತ್ತಿದ್ದರು. ಜಗಳಕ್ಕಿಂತ ಹೊಂದಾಣಿಕೆಯೇ ಜಾಸ್ತಿ.

ಆಗ ಓಟು ಯಾರಿಗಿತ್ತು? ಎಲ್ಲರಿಗೂ ಇತ್ತಾ?

ಎಲ್ಲರಿಗೂ ಎಲ್ಲಿ! ಆದರೆ ಆ ಕಾಲಕ್ಕೆ ಬ್ರಿಸ್ಟಲ್ ಪರವಾಗಿಲ್ಲ. 18ನೇ ಶತಮಾನದಲ್ಲಿ ಇಲ್ಲಿ ಸುಮಾರು 5,000 ಮತದಾರರಿದ್ದರು. ಬೆರಳೆಣಿಕೆ ಮತದಾರರಿದ್ದ ಕ್ಷೇತ್ರಗಳೇ ತುಂಬಿದ್ದ ದೇಶದಲ್ಲಿ ಇದು ದೊಡ್ಡ ಸಂಖ್ಯೆ.

ಓಟು ಇದ್ದದ್ದು ಎರಡು ಬಗೆಯ ಗಂಡಸರಿಗೆ. ವರ್ಷಕ್ಕೆ 40 ಶಿಲ್ಲಿಂಗ್ ಬಾಳುವ ಸ್ವಂತ ಆಸ್ತಿ ಇದ್ದವರು ಒಂದು. ಊರು ತನ್ನ ರಿಜಿಸ್ಟರಿನಲ್ಲಿ 'ಫ್ರೀಮನ್' ಅಂತ ಸೇರಿಸಿಕೊಂಡವರು ಇನ್ನೊಂದು. ಫ್ರೀಮನ್ ಆಗಲು ದಾರಿ ನಾಲ್ಕು: ಅಪ್ಪ ಫ್ರೀಮನ್ ಆಗಿರಬೇಕು, ಇಲ್ಲವೇ ಫ್ರೀಮನ್ ಹತ್ತಿರ ವರ್ಷಗಟ್ಟಲೆ ಕಸುಬು ಕಲಿತಿರಬೇಕು, ಇಲ್ಲವೇ ದುಡ್ಡು ಕಟ್ಟಬೇಕು. ನಾಲ್ಕನೆಯದು ಮಜಾ: ಫ್ರೀಮನ್‌ನ ಮಗಳನ್ನೋ ವಿಧವೆಯನ್ನೋ ಮದುವೆ ಆಗಬೇಕು. ಹೆಂಗಸಿಗೆ ಸ್ವಂತ ಓಟು ಇಲ್ಲ, ಆದರೆ ಗಂಡನಿಗೆ ಓಟು ತಂದುಕೊಡಬಲ್ಲಳು. ವರದಕ್ಷಿಣೆಯಲ್ಲಿ ಓಟೂ ಸೇರಿದ್ದ ಊರು ಅನ್ನಬಹುದು.

ಆ ಖಾಲಿ ಪೀಠ ಯಾರದು?

ಎಡ್ವರ್ಡ್ ಕೋಲ್ಸ್ಟನ್‌ನದು. 1710ರಿಂದ 1713ರವರೆಗೆ ಬ್ರಿಸ್ಟಲ್‌ನ ಎಂಪಿ, ಟೋರಿ ಪಕ್ಷ. ಆಫ್ರಿಕಾದಿಂದ ಜನರನ್ನು ಹಡಗಿಗೆ ತುಂಬಿ ಮಾರುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವನು. ಊರಿಗೆ ಶಾಲೆ, ಬಡವರಿಗೆ ಮನೆ ಅಂತ ಧಾರಾಳವಾಗಿ ದಾನ ಮಾಡಿದ. ಅವನು ಸತ್ತು 170 ವರ್ಷಗಳ ಮೇಲೆ, 1895ರಲ್ಲಿ, ದಾನಿ ಅಂತ ವಿಗ್ರಹ ನಿಲ್ಲಿಸಿದರು. 2020ರ ಜೂನ್ 7ರಂದು ಜನ ಹಗ್ಗ ಕಟ್ಟಿ ಅದನ್ನು ಕೆಡವಿ, ಉರುಳಿಸಿಕೊಂಡು ಹೋಗಿ ಬಂದರಿನ ನೀರಿಗೆ ಹಾಕಿದರು.

ನನ್ನ ಅತ್ತೆ ಇದನ್ನು ಕೇಳಿ, "ದಾನ ಮಾಡಿದ ದುಡ್ಡು ಎಲ್ಲಿಂದ ಬಂತು ಅಂತ ಕೇಳೋಕೆ ಇವರಿಗೆ ಇಷ್ಟು ವರ್ಷ ಬೇಕಾಯ್ತಾ?" ಅಂದಿದ್ದರು. ಅದಕ್ಕಿಂತ ಒಳ್ಳೆಯ ವಿವರಣೆ ನನ್ನ ಹತ್ತಿರ ಇಲ್ಲ.

## ಸ್ವಲ್ಪ ಒಳಗೆ ಇಳಿದರೆ

ಬರ್ಕ್ ಈ ಊರಿನವನೇ ಅಲ್ವಂತಲ್ಲ, ಮತ್ತೆ ಇಲ್ಲಿ ಹೇಗೆ ಗೆದ್ದ?

ಹೌದು, ಅವನು ಹುಟ್ಟಿದ್ದು ಡಬ್ಲಿನ್‌ನಲ್ಲಿ. 1774ರಲ್ಲಿ ಅಮೆರಿಕದ ವಸಾಹತುಗಳ ಜೊತೆ ಜಗಳ ಜೋರಾಗಿತ್ತು. ಬ್ರಿಸ್ಟಲ್ ವ್ಯಾಪಾರಿಗಳ ಹೊಟ್ಟೆಪಾಡು ಅಟ್ಲಾಂಟಿಕ್ ಆಚೆ ಇತ್ತು. ಯುದ್ಧ ಆದರೆ ತಮಗೆ ನಷ್ಟ. ರಾಜಿ ಆಗಬೇಕು ಅಂತ ಪಾರ್ಲಿಮೆಂಟಿನಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದವನು ಬರ್ಕ್. ಪಿಂಗಾಣಿ ತಯಾರಿಸುತ್ತಿದ್ದ ರಿಚರ್ಡ್ ಚಾಂಪಿಯನ್ ಮುಂತಾದವರು ಅವನನ್ನು ಕರೆಸಿಕೊಂಡರು. ಅಷ್ಟರಲ್ಲಿ ಅವನು ಉತ್ತರದ ಮಾಲ್ಟನ್ ಎಂಬ ಪುಟ್ಟ ಕ್ಷೇತ್ರದಲ್ಲಿ ಆಯ್ಕೆ ಆಗಿಬಿಟ್ಟಿದ್ದ! ಬ್ರಿಸ್ಟಲ್ ಅಂದರೆ ದೇಶದ ದೊಡ್ಡ ಪೇಟೆಗಳಲ್ಲೊಂದು, ಬಿಡುವುದುಂಟೇ? ಗಾಡಿ ಓಡಿಸಿಕೊಂಡು ಬಂದ. ಅವನು ಬಂದು ಇಳಿದಾಗ ಮತದಾನ ಆಗಲೇ ಶುರುವಾಗಿತ್ತು.

ಮತದಾನ ನಡೆದದ್ದು ಮೂರು ವಾರಕ್ಕೂ ಜಾಸ್ತಿ. ಕೊನೆಗೆ ಬಂದ ಲೆಕ್ಕ: ಹೆನ್ರಿ ಕ್ರೂಗರ್ 3,565, ಬರ್ಕ್ 2,707, ಮ್ಯಾಥ್ಯೂ ಬ್ರಿಕ್‌ಡೇಲ್ 2,456. ನಾಲ್ಕನೆಯವನಾದ ಲಾರ್ಡ್ ಕ್ಲೇರ್ ಗಾಳಿ ಯಾವ ಕಡೆ ಅಂತ ನೋಡಿ ಮೊದಲೇ ಜಾಗ ಖಾಲಿ ಮಾಡಿದ್ದ.

ಮೊದಲನೇ ಸ್ಥಾನದಲ್ಲಿ ಗೆದ್ದ ಕ್ರೂಗರ್‌ನನ್ನು ಈಗ ಯಾರೂ ನೆನೆಯುವುದಿಲ್ಲ, ಪಾಪ. ಅವನು ಹುಟ್ಟಿದ್ದು ನ್ಯೂಯಾರ್ಕಿನಲ್ಲಿ. 1784ರಲ್ಲಿ ತಾನು ಅಮೆರಿಕದಲ್ಲಿದ್ದಾಗಲೇ ಬ್ರಿಸ್ಟಲ್‌ನಲ್ಲಿ ಮತ್ತೆ ಗೆದ್ದ. ಆಮೇಲೆ ಅಲ್ಲಿಗೇ ಮರಳಿ ಹೋಗಿ ನ್ಯೂಯಾರ್ಕ್ ರಾಜ್ಯದ ಸೆನೆಟ್‌ಗೂ ಆಯ್ಕೆಯಾದ.

ಗೆದ್ದ ದಿನವೇ ಬರ್ಕ್ "ನೀವು ಹೇಳಿದಂಗೆಲ್ಲ ಕೇಳಲ್ಲ" ಅಂತ ಮತದಾರರಿಗೆ ಹೇಳಿದನಂತೆ, ನಿಜವಾ?

ನಿಜ. ಈ ಊರಿನ ಇಡೀ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸುವ ಗಳಿಗೆ ಇದೇ.

1774ರ ನವೆಂಬರ್ 3. ಫಲಿತಾಂಶ ಸಾರಿದ್ದಾರೆ. ಮೊದಲು ಕ್ರೂಗರ್ ಮಾತಾಡಿದ. ಮತದಾರರು ಒಡೆಯರು, ಅವರ ಅಪ್ಪಣೆಯಂತೆ ಎಂಪಿ ನಡೆಯಬೇಕು ಅನ್ನುವುದು ಅವನ ನಿಲುವು. ಜನಕ್ಕೆ ಖುಷಿಯೋ ಖುಷಿ. ಆಮೇಲೆ ಬರ್ಕ್ ಎದ್ದ. ಮತದಾರರ ಅಭಿಪ್ರಾಯಕ್ಕೆ ಬೆಲೆ ಕೊಡುತ್ತೇನೆ, ಅವರಿಗಾಗಿ ನನ್ನ ನಿದ್ದೆ, ಸುಖ ಎಲ್ಲ ಬಿಡುತ್ತೇನೆ, ಆದರೆ ನನ್ನ ಸ್ವಂತ ವಿವೇಕವನ್ನು ಬಿಡಲಾರೆ ಅಂದ. ಪಾರ್ಲಿಮೆಂಟ್ ಅಂದರೆ ಬೇರೆ ಬೇರೆ ಊರುಗಳ ವಕೀಲರು ಬಂದು ಕಚ್ಚಾಡುವ ಜಾಗವಲ್ಲ, ಇಡೀ ದೇಶಕ್ಕೆ ಸೇರಿದ ಒಂದು ಸಭೆ ಅಂದ. ನೀವು ಆರಿಸುವುದು ಬ್ರಿಸ್ಟಲ್‌ನವನನ್ನು, ಆರಿಸಿದ ಮೇಲೆ ಅವನು ಪಾರ್ಲಿಮೆಂಟಿನವನು ಅಂದ.

ಹೇಳಿದ್ದನ್ನು ಮಾಡಿಯೂ ತೋರಿಸಿದ. ಐರ್ಲೆಂಡಿನ ವ್ಯಾಪಾರದ ಮೇಲಿನ ಕಟ್ಟುಗಳನ್ನು ಸಡಿಲಿಸಬೇಕು ಅಂದ. ಬ್ರಿಸ್ಟಲ್ ವ್ಯಾಪಾರಿಗಳಿಗೆ ಇದು ನೇರ ಪೆಟ್ಟು. ಕ್ಯಾಥೊಲಿಕರ ಮೇಲಿನ ಹಳೇ ಕಾನೂನುಗಳನ್ನು ತೆಗೆಯಬೇಕು ಅಂದ. ಆಗ ಅದೂ ಜನಕ್ಕೆ ಸೇರದ ಮಾತು. ಜೊತೆಗೆ ಆರು ವರ್ಷದಲ್ಲಿ ಅವನು ಊರಿಗೆ ಬಂದದ್ದು ಎರಡೇ ಸಲ. ಹೊಸ ವಿಚಾರಕ್ಕಿಂತ ಇದೇ ಜನಕ್ಕೆ ಜಾಸ್ತಿ ಚುಚ್ಚಿರಬೇಕು ಅಂತ ನನ್ನ ಗುಮಾನಿ. ಮದುವೆಗೂ ಬರುವುದಿಲ್ಲ, ಸಾವಿಗೂ ಬರುವುದಿಲ್ಲ ಅಂದರೆ ನಮ್ಮಲ್ಲೂ ಯಾರು ಓಟು ಹಾಕುತ್ತಾರೆ, ಅಲ್ವಾ?

1780ರ ಸೆಪ್ಟೆಂಬರ್‌ನಲ್ಲಿ ಗಿಲ್ಡ್‌ಹಾಲ್‌ನಲ್ಲಿ ನಿಂತು ತನ್ನ ಪ್ರತಿಯೊಂದು ನಡೆಗೂ ಕಾರಣ ಕೊಟ್ಟ. ಕ್ಷಮೆ ಕೇಳಲಿಲ್ಲ. ಗೆಲ್ಲುವುದಿಲ್ಲ ಅಂತ ಗೊತ್ತಾಗಿ ಕಣದಿಂದ ಹಿಂದೆ ಸರಿದ. ಆ ಹೊತ್ತಿಗೇ ರಿಚರ್ಡ್ ಕೂಂಬ್ ಎಂಬ ಇನ್ನೊಬ್ಬ ಅಭ್ಯರ್ಥಿ ಇದ್ದಕ್ಕಿದ್ದಂತೆ ತೀರಿಕೊಂಡಿದ್ದ. ನಾವೆಲ್ಲ ನೆರಳುಗಳು, ನೆರಳಿನ ಬೆನ್ನು ಹತ್ತಿದ್ದೇವೆ ಅಂತ ಹೇಳಿ ಬರ್ಕ್ ಹೊರಟ. ಮಾಲ್ಟನ್ ಕ್ಷೇತ್ರ ಅವನನ್ನು ಮತ್ತೆ ಸಾಕಿಕೊಂಡಿತು. ಅವನನ್ನು ಕಳಿಸಿಕೊಟ್ಟ ಊರು 1894ರಲ್ಲಿ ಅವನ ವಿಗ್ರಹ ನಿಲ್ಲಿಸಿತು.

ಎಂಪಿ ಯಾರ ಮಾತು ಕೇಳಬೇಕು ಅನ್ನುವ ಈ ಪ್ರಶ್ನೆಗೆ ಭಾರತದಲ್ಲಿ 1985ರ ಪಕ್ಷಾಂತರ ನಿಷೇಧ ಕಾನೂನು ಮೂರನೆಯದೇ ಉತ್ತರ ಕೊಟ್ಟಿದೆ. ಮತದಾರನ ಮಾತೂ ಅಲ್ಲ, ಸ್ವಂತ ವಿವೇಕವೂ ಅಲ್ಲ, ಪಕ್ಷದ ವಿಪ್.

ಬರ್ಕ್‌ಗೂ ನಮ್ಮ ಹೈದರಾಲಿಗೂ ಏನೋ ಸಂಬಂಧ ಇದೆ ಅಂದ್ರಿ?

ಇಬ್ಬರೂ ಭೇಟಿಯಾದವರಲ್ಲ. 1780ರಲ್ಲಿ ಬ್ರಿಸ್ಟಲ್ ಬರ್ಕ್‌ನನ್ನು ಕೈಬಿಟ್ಟ ವರ್ಷವೇ ಹೈದರ್ ಮೈಸೂರಿನ ಸೈನ್ಯ ಕಟ್ಟಿಕೊಂಡು ಘಟ್ಟ ಇಳಿದು ಆರ್ಕಾಟ್ ಸೀಮೆಗೆ ನುಗ್ಗಿದ. ಐದು ವರ್ಷದ ಮೇಲೆ, 1785ರ ಫೆಬ್ರವರಿಯಲ್ಲಿ, ಆರ್ಕಾಟ್ ನವಾಬನ ಸಾಲದ ಹಗರಣದ ಬಗ್ಗೆ ಪಾರ್ಲಿಮೆಂಟಿನಲ್ಲಿ ಬರ್ಕ್ ಗಂಟೆಗಟ್ಟಲೆ ಮಾತಾಡಿದ. ಬೆಟ್ಟದ ನೆತ್ತಿಯ ಮೇಲೆ ಕಪ್ಪು ಮೋಡ ಕವಿದು ನಿಂತು, ಒಮ್ಮೆಗೇ ಬಯಲಿಗೆ ಸುರಿದ ಹಾಗೆ ಹೈದರನ ದಾಳಿಯನ್ನು ಬಣ್ಣಿಸಿದ. ಬಹಳ ಕಾಲ ಇಂಗ್ಲಿಷ್ ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಿದ್ದರು. ಅವನ ಬಾಣ ಹೈದರನ ಮೇಲಿರಲಿಲ್ಲ. ಆ ಸ್ಥಿತಿ ತಂದ, ನವಾಬನಿಗೆ ಸಾಲ ಕೊಟ್ಟಿದ್ದ ಈಸ್ಟ್ ಇಂಡಿಯಾ ಕಂಪನಿಯ ಸಾಹೇಬರ ಮೇಲಿತ್ತು. ಆ ಹೊತ್ತಿಗೆ ಅವನು ಮಾಲ್ಟನ್ ಎಂಪಿ, ಬ್ರಿಸ್ಟಲ್‌ನವನಲ್ಲ.

1831ರಲ್ಲಿ ಊರಿಗೇ ಬೆಂಕಿ ಬಿತ್ತಂತೆ. ಎಲೆಕ್ಷನ್ ಗಲಾಟೆನಾ?

ಎಲೆಕ್ಷನ್ ಇರಲಿಲ್ಲ, ಎಲೆಕ್ಷನ್ ಪದ್ಧತಿಯೇ ಬದಲಾಗಬೇಕು ಅನ್ನುವ ಗಲಾಟೆ. ಸುಧಾರಣೆ ಮಸೂದೆಯನ್ನು 1831ರ ಅಕ್ಟೋಬರ್ 8ರಂದು ಲಾರ್ಡ್ಸ್ ಸಭೆ, ಅಂದರೆ ಪಾರ್ಲಿಮೆಂಟಿನ ಮೇಲ್ಮನೆ, ತಳ್ಳಿಹಾಕಿತು. ದೇಶದ ತುಂಬ ಸಿಟ್ಟು. ಬ್ರಿಸ್ಟಲ್‌ನ ನ್ಯಾಯಾಧೀಶ ಸರ್ ಚಾರ್ಲ್ಸ್ ವೆದರೆಲ್ ಬೇರೊಂದು ಕ್ಷೇತ್ರದ ಎಂಪಿ. ಬ್ರಿಸ್ಟಲ್ ಜನಕ್ಕೆ ಸುಧಾರಣೆ ಬೇಕಾಗಿಲ್ಲ ಅಂತ ಪಾರ್ಲಿಮೆಂಟಿನಲ್ಲಿ ಹೇಳಿದ್ದವನು. ಅಕ್ಟೋಬರ್ 29ರಂದು ಅದೇ ಮನುಷ್ಯ ಕೋರ್ಟು ನಡೆಸಲು ಊರೊಳಗೆ ಬಂದ.

ಜನ ಕಲ್ಲು ಹಿಡಿದು ಕಾಯುತ್ತಿದ್ದರು. ಕ್ವೀನ್ ಸ್ಕ್ವೇರ್‌ನಲ್ಲಿದ್ದ ಮೇಯರ್ ಮನೆಗೆ ಮುತ್ತಿಗೆ. ವೆದರೆಲ್ ವೇಷ ಮರೆಸಿಕೊಂಡು ಮನೆಗಳ ಮಾಡಿನ ಮೇಲಿಂದ ಪಾರಾದ. ಮೂರು ದಿನ ಊರು ಜನರ ಕೈಯಲ್ಲಿತ್ತು. ಜೈಲುಗಳ ಬಾಗಿಲು ಮುರಿದರು, ಸುಂಕದ ಕಟ್ಟೆ ಸುಟ್ಟರು. ಮಸೂದೆಗೆ ವಿರೋಧವಾಗಿ ಓಟು ಹಾಕಿದ್ದ ಬಿಷಪ್‌ನ ಅರಮನೆಯನ್ನೂ ಬಿಡಲಿಲ್ಲ. ಜನರ ಮೇಲೆ ಸೈನ್ಯ ಬಿಡಲು ಹಿಂಜರಿದ ಕರ್ನಲ್ ಬ್ರೆರೆಟನ್‌ನನ್ನು ಸೇನಾ ವಿಚಾರಣೆಗೆ ನಿಲ್ಲಿಸಿದರು. ವಿಚಾರಣೆ ಮುಗಿಯುವ ಮೊದಲೇ ಅವನು ಗುಂಡು ಹಾರಿಸಿಕೊಂಡು ಸತ್ತ. ನಾಲ್ವರನ್ನು ಗಲ್ಲಿಗೇರಿಸಿದರು. ಕ್ಲಿಫ್ಟನ್ ತೂಗುಸೇತುವೆ ಕಟ್ಟಲು ಬಂದಿದ್ದ ಎಂಜಿನಿಯರ್ ಬ್ರೂನೆಲ್ ಆ ದಿನಗಳಲ್ಲಿ ಸ್ಪೆಷಲ್ ಕಾನ್‌ಸ್ಟೆಬಲ್ ಆಗಿ ದೊಣ್ಣೆ ಹಿಡಿದ. ಸೇತುವೆ ಕೆಲಸ ನಿಂತೇ ಹೋಯಿತು.

ಮುಂದಿನ ವರ್ಷ ಮಸೂದೆ ಪಾಸಾಯಿತು. ಬ್ರಿಸ್ಟಲ್‌ಗೆ ಸಿಕ್ಕಿದ್ದೇನು? ಸೀಟು ಅದೇ ಎರಡು. ವರ್ಷಕ್ಕೆ 10 ಪೌಂಡ್ ಬಾಡಿಗೆ ಬಾಳುವ ಮನೆಯವರಿಗೆ ಓಟು ಬಂತು, ಮತದಾರರು ಹತ್ತು ಸಾವಿರದ ಆಸುಪಾಸಿಗೆ ಏರಿದರು. ಕಲ್ಲು ಎಸೆದವರಲ್ಲಿ ಹೆಚ್ಚಿನವರಿಗೆ ಆಗಲೂ ಓಟು ಸಿಗಲಿಲ್ಲ.

ರಾಜಾ ರಾಮಮೋಹನ ರಾಯ್ ಇಲ್ಲಿಗೆ ಯಾಕೆ ಬಂದಿದ್ದರು?

1831ರಲ್ಲಿ ಮೊಗಲ್ ಬಾದಶಹನ ಪರವಾಗಿ ಅಹವಾಲು ಹೊತ್ತು ಇಂಗ್ಲೆಂಡಿಗೆ ಬಂದರು. ಬಂದದ್ದು ಸುಧಾರಣೆಯ ಗದ್ದಲದ ನಟ್ಟ ನಡುವೆ. ಮಸೂದೆ ಬಿದ್ದುಹೋದರೆ ಈ ದೇಶದ ಸಂಬಂಧವನ್ನೇ ಕಡಿದುಕೊಳ್ಳುತ್ತೇನೆ ಅನ್ನುವಷ್ಟು ಅದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದರು. 1833ರಲ್ಲಿ ಸ್ನೇಹಿತರನ್ನು ನೋಡಲು ಬ್ರಿಸ್ಟಲ್‌ಗೆ ಬಂದವರು ಜ್ವರ ಬಂದು ಸೆಪ್ಟೆಂಬರ್ 27ರಂದು ಇಲ್ಲೇ ತೀರಿಕೊಂಡರು. ಸಮಾಧಿ ಆರ್ನೋಸ್ ವೇಲ್ ಸ್ಮಶಾನದಲ್ಲಿದೆ, ಬಂಗಾಳದ ಗುಡಿಯ ಹಾಗೆ ಕಾಣುವ ಮಂಟಪ. ಪೇಟೆಯಿಂದ ಬಸ್ಸಿನಲ್ಲಿ ಹೋಗಬಹುದು.

ಗುಟ್ಟಾಗಿ ಓಟು ಹಾಕೋದು ಯಾವಾಗ ಬಂತು?

1872ರಲ್ಲಿ. ಅದಕ್ಕೂ ಮೊದಲು ಎಲ್ಲರೆದುರು ಬಾಯಿಬಿಟ್ಟು ಹೇಳಬೇಕಿತ್ತು. ಯಾರು ಯಾರಿಗೆ ಹಾಕಿದರು ಅಂತ ಪುಸ್ತಕವನ್ನೇ ಅಚ್ಚು ಹಾಕಿ ಮಾರುತ್ತಿದ್ದರು. ಮನೆ ಮಾಲೀಕ, ಧಣಿ, ಸಾಲ ಕೊಟ್ಟವನು ಎಲ್ಲರೂ ಓದಬಹುದು.

ಇದನ್ನು ಬದಲಿಸಲು ಹಟ ಹಿಡಿದವನು ಬ್ರಿಸ್ಟಲ್‌ನದೇ ಎಂಪಿ, ಹೆನ್ರಿ ಬರ್ಕ್ಲಿ. 1837ರಿಂದ 1870ರಲ್ಲಿ ಸಾಯುವವರೆಗೂ ಅವನೇ ಎಂಪಿ. ಗುಟ್ಟಿನ ಮತದಾನ ಬೇಕು ಅಂತ ವರ್ಷ ವರ್ಷವೂ ಠರಾವು ತರುತ್ತಿದ್ದ. ಸದಸ್ಯರು ನಗುತ್ತಿದ್ದರು, ಸೋಲಿಸುತ್ತಿದ್ದರು, ಅವನು ಮತ್ತೆ ತರುತ್ತಿದ್ದ. ಕಾನೂನು ಬಂದದ್ದು ಅವನು ಸತ್ತು ಎರಡು ವರ್ಷಕ್ಕೆ.

ಅವನ ಜಾಗಕ್ಕೆ ನಡೆದ ಉಪಚುನಾವಣೆಯೂ ವಿಚಿತ್ರ. ಲಿಬರಲ್ ಪಕ್ಷದಲ್ಲಿ ಟಿಕೆಟ್ ಕೇಳಿದವರು ಮೂವರು. ಯಾರಿಗೆ ಕೊಡಬೇಕು ಅಂತ ಪಕ್ಷದವರಲ್ಲೇ ಮೊದಲು ಒಂದು ಮತದಾನ ಮಾಡಿಸಿದರು. ಎಲಿಷಾ ರಾಬಿನ್ಸನ್ ಅದರಲ್ಲೂ ಗೆದ್ದ, ನಿಜವಾದ ಚುನಾವಣೆಯಲ್ಲೂ ಗೆದ್ದ. ಆದರೆ ಆ ಮೊದಲಿನ ಮತದಾನದಲ್ಲಿ ಲಂಚ ಹಂಚಿದ್ದರು ಅಂತ ಕೋರ್ಟು ಅವನ ಎಂಪಿ ಸೀಟನ್ನೇ ಕಿತ್ತುಕೊಂಡಿತು. ಪಕ್ಷದ ಮನೆಯೊಳಗಿನ ಲಂಚವೂ ಲಂಚವೇ ಅಂತ ಆಗ ತೀರ್ಮಾನವಾಯಿತು.

ಹೆಂಗಸರು ಯಾವಾಗ ಬಂದರು?

ಮೊದಲು ಬಂದದ್ದು ಸದ್ದಾಗಿ. 1909ರಲ್ಲಿ ಬ್ರಿಸ್ಟಲ್ ನಾರ್ತ್ ಎಂಪಿ, ಮಂತ್ರಿಯೂ ಆಗಿದ್ದ ಅಗಸ್ಟಿನ್ ಬಿರೆಲ್ ಕೋಲ್ಸ್ಟನ್ ಹಾಲ್‌ನಲ್ಲಿ ಭಾಷಣ ಮಾಡುತ್ತಿದ್ದ. ಎಲ್ಲಿಂದಲೋ "ಹೆಂಗಸರಿಗೆ ಓಟು ಕೊಡಿ" ಅಂತ ಕೂಗು. ಹುಡುಕುತ್ತಾರೆ, ಯಾರೂ ಕಾಣುವುದಿಲ್ಲ. ವೀರಾ ಹೋಮ್ ಮತ್ತು ಎಲ್ಸಿ ಹೌವಿ ಎಂಬ ಇಬ್ಬರು ಅಲ್ಲಿನ ದೊಡ್ಡ ಆರ್ಗನ್ ವಾದ್ಯದ ಒಳಗೆ ಅಡಗಿ ಕೂತಿದ್ದರು! ಆ ಹಾಲ್‌ಗೆ ಈಗ ಬ್ರಿಸ್ಟಲ್ ಬೀಕನ್ ಅಂತ ಹೆಸರು.

ಓಟು 1918ರಲ್ಲಿ ಬಂತು, 30 ದಾಟಿದವರಿಗೆ ಮಾತ್ರ, ಅದೂ ಷರತ್ತಿನ ಮೇಲೆ. 1928ರಲ್ಲಿ ಗಂಡಸರ ಸಮಕ್ಕೆ ಬಂತು. ಬ್ರಿಸ್ಟಲ್‌ನ ಮೊದಲ ಮಹಿಳಾ ಎಂಪಿ ಲೇಡಿ ಆಪ್ಸ್ಲಿ. ಗಂಡ ಬ್ರಿಸ್ಟಲ್ ಸೆಂಟ್ರಲ್ ಎಂಪಿ, ಯುದ್ಧಕಾಲದಲ್ಲಿ ತೀರಿಕೊಂಡರು. 1943ರ ಉಪಚುನಾವಣೆಯಲ್ಲಿ ಆಕೆ ನಿಂತು ಗೆದ್ದರು. ಗಾಲಿಕುರ್ಚಿಯಲ್ಲೇ ಪಾರ್ಲಿಮೆಂಟಿಗೆ ಹೋಗುತ್ತಿದ್ದರು.

## ಇನ್ನೂ ಆಳದ ಪ್ರಶ್ನೆಗಳು

ಕ್ರಿಪ್ಸ್ ಮಿಷನ್ ಅಂತ ಸ್ಕೂಲಲ್ಲಿ ಓದಿದ್ವಲ್ಲ, ಆ ಕ್ರಿಪ್ಸ್ ಇಲ್ಲಿಯವರಾ?

ಇಲ್ಲಿಯ ಎಂಪಿಯೇ. ಸ್ಟಾಫರ್ಡ್ ಕ್ರಿಪ್ಸ್ 1931ರಿಂದ 1950ರವರೆಗೆ ಬ್ರಿಸ್ಟಲ್‌ನ ಪೂರ್ವ ಭಾಗವನ್ನು ಪ್ರತಿನಿಧಿಸಿದರು. 1939ರಲ್ಲಿ ಲೇಬರ್ ಪಕ್ಷ ಅವರನ್ನು ಹೊರಹಾಕಿತ್ತು. 1942ರ ಮಾರ್ಚ್‌ನಲ್ಲಿ ದೆಹಲಿಗೆ ಬಂದು ಗಾಂಧಿ, ನೆಹರೂ, ಜಿನ್ನಾ ಜೊತೆ ಮಾತುಕತೆ ನಡೆಸಿದಾಗ ಅವರು ಯಾವ ಪಕ್ಷಕ್ಕೂ ಸೇರಿರಲಿಲ್ಲ. ಅವರನ್ನು ಗೆಲ್ಲಿಸಿದ್ದ ಬ್ರಿಸ್ಟಲ್ ಮತದಾರರು ಮಾತ್ರ ಹಿಂದಿದ್ದರು. 1946ರ ಕ್ಯಾಬಿನೆಟ್ ಮಿಷನ್‌ನಲ್ಲೂ ಅವರಿದ್ದರು.

ನಾನು ಕಲಬುರಗಿಯವನು. ನಮ್ಮ ಕಡೆಗೂ ಈ ಊರಿಗೂ ಏನಾದ್ರೂ ನಂಟಿದೆಯಾ?

ಇದೆ, ಅದೂ ಸ್ವಲ್ಪ ಕಹಿ ನಂಟು. 1951ರಿಂದ 1957ರವರೆಗೆ ಬ್ರಿಸ್ಟಲ್ ವೆಸ್ಟ್ ಎಂಪಿ ಆಗಿದ್ದ ಸರ್ ವಾಲ್ಟರ್ ಮಾಂಕ್‌ಟನ್ ಅದಕ್ಕೂ ಮೊದಲು ಹೈದರಾಬಾದ್ ನಿಜಾಮರ ಕಾನೂನು ಸಲಹೆಗಾರ. 1947ರಲ್ಲಿ ಭಾರತ ಸರ್ಕಾರದ ಜೊತೆ ಯಥಾಸ್ಥಿತಿ ಒಪ್ಪಂದದ ಮಾತುಕತೆಯಲ್ಲಿ ನಿಜಾಮರ ಪರ ಕೂತವರು. ಆ ಒಪ್ಪಂದದ ನೆರಳಲ್ಲೇ ಕಲಬುರಗಿ, ಬೀದರ್, ರಾಯಚೂರು ಭಾಗದ ಜನ ಭಾರತಕ್ಕೆ ಸೇರಲು 1948ರ ಸೆಪ್ಟೆಂಬರ್ 17ರವರೆಗೆ ಕಾಯಬೇಕಾಯಿತು. ಮೂರು ವರ್ಷದ ಮೇಲೆ ಅದೇ ವಕೀಲರು ಇಲ್ಲಿ ಎಂಪಿ, ಮಂತ್ರಿ.

ಗೆದ್ದರೂ ಸೀಟು ಸಿಗದ ಎಂಪಿ ಒಬ್ಬರಿದ್ದರಂತೆ?

ಟೋನಿ ಬೆನ್. ಕ್ರಿಪ್ಸ್ ಬಿಟ್ಟುಕೊಟ್ಟ ಬ್ರಿಸ್ಟಲ್ ಸೌತ್ ಈಸ್ಟ್ ಕ್ಷೇತ್ರದಲ್ಲಿ 1950ರಲ್ಲಿ ಗೆದ್ದಾಗ ವಯಸ್ಸು 25. ಅವರ ತಂದೆ 1929ರಿಂದ 1931ರವರೆಗೆ ಭಾರತದ ಉಸ್ತುವಾರಿ ಮಂತ್ರಿ. ಆಮೇಲೆ ತಂದೆಗೆ ವೈಕೌಂಟ್ ಸ್ಟ್ಯಾನ್ಸ್‌ಗೇಟ್ ಎಂಬ ವಂಶಪಾರಂಪರ್ಯ ಪದವಿ ಬಂತು. ಅಣ್ಣ ಯುದ್ಧದಲ್ಲಿ ಸತ್ತಿದ್ದರಿಂದ ಪದವಿಯ ಸರದಿ ಟೋನಿಯದಾಯಿತು. 1960ರ ನವೆಂಬರ್ 17ರಂದು ತಂದೆ ತೀರಿಕೊಂಡರು. ಆ ಗಳಿಗೆಯಿಂದ ಮಗ ಲಾರ್ಡ್! ಲಾರ್ಡ್ ಆದವರು ಕೆಳಮನೆಯಲ್ಲಿ ಕೂರುವಂತಿಲ್ಲ. ಬೇಡ ಅನ್ನಲು ಕಾನೂನಿನಲ್ಲಿ ದಾರಿಯೇ ಇರಲಿಲ್ಲ.

ಸೀಟು ಖಾಲಿ ಆಯಿತು, 1961ರ ಮೇ 4ಕ್ಕೆ ಉಪಚುನಾವಣೆ. ಬೆನ್ ಮತ್ತೆ ತಾವೇ ನಿಂತರು. ಈ ಓಟು ಲೆಕ್ಕಕ್ಕಿಲ್ಲ ಅಂತ ಗೊತ್ತಿದ್ದೂ ಜನ 23,275 ಓಟು ಹಾಕಿದರು. ಎದುರಾಳಿ ಮಾಲ್ಕಮ್ ಸೇಂಟ್ ಕ್ಲೇರ್‌ಗೆ ಬಂದದ್ದು 10,231. ಬೆನ್ ಪಾರ್ಲಿಮೆಂಟಿಗೆ ಹೋದರೆ ಬಾಗಿಲು ಕಾಯುವವರು ಒಳಗೆ ಬಿಡಲಿಲ್ಲ. ಚುನಾವಣಾ ಕೋರ್ಟು ಸೋತವರನ್ನೇ ಎಂಪಿ ಅಂತ ಸಾರಿತು. ತಮಾಷೆ ಅಂದರೆ ಆ ಸೇಂಟ್ ಕ್ಲೇರ್ ಕೂಡ ಇನ್ನೊಂದು ಲಾರ್ಡ್ ಪದವಿಗೆ ಸರದಿಯಲ್ಲಿದ್ದವರು!

ಬೆನ್ ಬಿಡಲಿಲ್ಲ. 1963ರ ಜುಲೈ 31ರಂದು, ಪದವಿಯನ್ನು ತ್ಯಜಿಸಬಹುದು ಎನ್ನುವ ಕಾನೂನು ಬಂತು. ಅದೇ ಸಂಜೆ ಮೊದಲು ತ್ಯಜಿಸಿದವರು ಅವರೇ. ಸೇಂಟ್ ಕ್ಲೇರ್ ಮರ್ಯಾದೆಯಿಂದ ಜಾಗ ಬಿಟ್ಟುಕೊಟ್ಟರು. ಆಗಸ್ಟ್ 20ಕ್ಕೆ ಬೆನ್ ಮತ್ತೆ ಎಂಪಿ. ಆ ಕಾನೂನಿನ ದೊಡ್ಡ ಲಾಭ ಪಡೆದವರು ಮಾತ್ರ ಎದುರು ಪಕ್ಷದವರು. ಅದೇ ವರ್ಷ ಅಲೆಕ್ ಡಗ್ಲಸ್ ಹ್ಯೂಮ್ ತಮ್ಮ ಲಾರ್ಡ್ ಪದವಿ ಬಿಟ್ಟು ಪ್ರಧಾನಿಯಾಗಿ ಕೆಳಮನೆಗೆ ಬಂದರು.

ಅದೇ ಬೇಸಿಗೆಯಲ್ಲಿ ಬ್ರಿಸ್ಟಲ್‌ನಲ್ಲಿ ಬಸ್ ಬಹಿಷ್ಕಾರ ನಡೆಯುತ್ತಿತ್ತು. ಕರಿಯರಿಗೆ, ನಮ್ಮವರಿಗೆ ಕಂಡಕ್ಟರ್ ಕೆಲಸ ಕೊಡುವುದಿಲ್ಲ ಅಂತ ಬಸ್ ಕಂಪನಿ ಪಟ್ಟು ಹಿಡಿದಿತ್ತು. ಬೆನ್ ಬಹಿಷ್ಕಾರದ ಪರ ನಿಂತರು. ಆಗಸ್ಟ್ 28ಕ್ಕೆ ಕಂಪನಿ ಸೋತಿತು. ಆಮೇಲೆ ಮೊದಲು ಕೆಲಸಕ್ಕೆ ಸೇರಿದ ಬಿಳಿಯರಲ್ಲದ ಕಂಡಕ್ಟರ್ ಒಬ್ಬ ಸಿಖ್.

ಎಂಪಿ ರಾಜೀನಾಮೆ ಪತ್ರ ಕೊಟ್ಟರೆ ಮುಗೀತಲ್ವಾ? "ಜಾಗ ಬಿಟ್ಟುಕೊಟ್ಟರು" ಅಂದ್ರೆ ಹೇಗೆ?

ಬ್ರಿಟನ್‌ನಲ್ಲಿ ಎಂಪಿ ರಾಜೀನಾಮೆ ಕೊಡುವ ಹಾಗೇ ಇಲ್ಲ. ಹಳೇ ಕಾಲದ ನಿಯಮ. ಅದಕ್ಕೆ ಒಂದು ಉಪಾಯ ಮಾಡಿದ್ದಾರೆ. ರಾಜನ ಕೆಳಗೆ ಸಂಬಳದ ಹುದ್ದೆ ಹಿಡಿದವರು ಎಂಪಿ ಆಗಿರುವಂತಿಲ್ಲ. ಹಾಗಾಗಿ ಬಿಡಬೇಕು ಅನ್ನುವವರಿಗೆ ಯಾವ ಕೆಲಸವೂ ಇಲ್ಲದ ಒಂದು ಹೆಸರಿನ ಹುದ್ದೆ ಕೊಡುತ್ತಾರೆ. ಚಿಲ್ಟರ್ನ್ ಹಂಡ್ರೆಡ್ಸ್ ಒಂದು, ನಾರ್ತ್‌ಸ್ಟೆಡ್ ಜಹಗೀರಿಯ ಪಾರುಪತ್ಯಗಾರ ಇನ್ನೊಂದು. ಹುದ್ದೆ ಬಂದ ಕೂಡಲೇ ಸೀಟು ಹೋಗುತ್ತದೆ.

ಪಾರ್ಲಿಮೆಂಟಲ್ಲಿ ಮಾತಾಡಿದ್ದಕ್ಕೆ ಜೈಲಿಗೆ ಹೋದವರು ಇದ್ದಾರಾ?

ಬರ್ಕ್‌ಗಿಂತ 320 ವರ್ಷ ಮುಂಚೆ ಒಬ್ಬ ಇದ್ದ. ಥಾಮಸ್ ಯಂಗ್, ಬ್ರಿಸ್ಟಲ್ ಎಂಪಿ, ವಕೀಲ. 1451ರಲ್ಲಿ ಆರನೇ ಹೆನ್ರಿ ರಾಜ, ಮಕ್ಕಳಿರಲಿಲ್ಲ. ಯಾರ್ಕ್ ಡ್ಯೂಕನನ್ನು ಮುಂದಿನ ರಾಜ ಅಂತ ಘೋಷಿಸಿ ಅಂತ ಯಂಗ್ ಸಭೆಯಲ್ಲೇ ಕೇಳಿಬಿಟ್ಟ. ಸೀದಾ ಲಂಡನ್ ಟವರ್‌ನ ಜೈಲು. ಬಿಡುಗಡೆಯಾಗಿ ಕೆಲವು ವರ್ಷದ ಮೇಲೆ, ಗಾಳಿ ಯಾರ್ಕ್ ಕಡೆ ತಿರುಗಿದಾಗ, ಪರಿಹಾರ ಕೊಡಿ ಅಂತ ಅರ್ಜಿ ಹಾಕಿದ. ಸಭೆಯಲ್ಲಿ ಹೇಳಿದ ಮಾತಿಗೆ ಶಿಕ್ಷೆ ಕೊಡುವಂತಿಲ್ಲ, ಅದು ಸದಸ್ಯರ ಹಳೆಯ ಹಕ್ಕು ಅನ್ನುವುದು ಅವನ ವಾದ. ಈ ಹಕ್ಕಿನ ಬಗ್ಗೆ ಸಿಗುವ ಹಳೆಯ ದಾಖಲೆಗಳಲ್ಲಿ ಇದೂ ಒಂದು. ನಮ್ಮ ಸಂವಿಧಾನದ 105ನೇ ವಿಧಿ ಕೊಡುವುದು ಇದೇ ರಕ್ಷಣೆಯನ್ನು. ಯಂಗ್‌ಗೆ ಊರಿನಲ್ಲಿ ದೊಡ್ಡ ವಿಗ್ರಹವೇನೂ ಇಲ್ಲ.

ಬ್ರಿಸ್ಟಲ್ ವೆಸ್ಟ್ ಅನ್ನೋ ಕ್ಷೇತ್ರ ಈಗ ಎಲ್ಲಿ ಹೋಯ್ತು?

1885ರಿಂದ ಇತ್ತು, 2024ಕ್ಕೆ ಮುಗಿಯಿತು. ಕ್ಷೇತ್ರ ಮರುವಿಂಗಡಣೆಯಲ್ಲಿ ಪ್ರತಿ ಕ್ಷೇತ್ರದಲ್ಲೂ 69,724ರಿಂದ 77,062ರೊಳಗೆ ಮತದಾರರಿರಬೇಕು ಅಂತ ನಿಯಮ ಮಾಡಿದರು. ಕೆಲವು ದ್ವೀಪಗಳಿಗೆ ಮಾತ್ರ ವಿನಾಯಿತಿ. ಊರು ಬೆಳೆದಿತ್ತು, ಗೆರೆ ಮತ್ತೆ ಎಳೆದರು. ವೆಸ್ಟ್‌ನ ಹೆಚ್ಚಿನ ಭಾಗ ಸೆಂಟ್ರಲ್ ಆಯಿತು. ಅಲ್ಲಿ ಗ್ರೀನ್ ಪಕ್ಷದ ಕಾರ್ಲಾ ಡೆನಿಯರ್, ಲೇಬರ್‌ನ ತಂಗಂ ಡೆಬೊನೇರ್ ಅವರನ್ನು ಹತ್ತು ಸಾವಿರಕ್ಕೂ ಜಾಸ್ತಿ ಓಟಿನಿಂದ ಸೋಲಿಸಿದರು. ಉಳಿದ ನಾಲ್ಕೂ ಲೇಬರ್‌ಗೆ ಹೋದವು.

ಗೆರೆ ಬದಲಾದರೆ ದೊಡ್ಡವರೂ ಬೀಳುತ್ತಾರೆ. 1983ರಲ್ಲಿ ಬೆನ್ ಅವರ ಸೌತ್ ಈಸ್ಟ್ ಕ್ಷೇತ್ರವೇ ಮಾಯವಾಯಿತು. ಪಕ್ಕದ ಸೌತ್‌ನಲ್ಲಿ ಪಕ್ಷ ಟಿಕೆಟ್ ಕೊಡಲಿಲ್ಲ. ಈಸ್ಟ್‌ನಲ್ಲಿ ನಿಂತು ಸೋತರು.

ನನ್ನ ಹತ್ತಿರ ಇಂಡಿಯನ್ ಪಾಸ್‌ಪೋರ್ಟ್ ಇರೋದು. ಬ್ರಿಸ್ಟಲ್‌ನಲ್ಲಿ ನಾನು ಓಟು ಹಾಕಬಹುದಾ?

ಹಾಕಬಹುದು. ಹೊಸದಾಗಿ ಬಂದ ಕನ್ನಡದವರು ಯಾರೂ ಇದನ್ನು ನಂಬುವುದಿಲ್ಲ. ಭಾರತ ಕಾಮನ್‌ವೆಲ್ತ್ ದೇಶ. ಇಲ್ಲಿ ವಾಸಕ್ಕೆ ಅನುಮತಿ ಇರುವ ಕಾಮನ್‌ವೆಲ್ತ್ ಪ್ರಜೆ, ಸ್ಟೂಡೆಂಟ್ ವೀಸಾ ಆಗಿರಲಿ ವರ್ಕ್ ವೀಸಾ ಆಗಿರಲಿ, 18 ತುಂಬಿದ್ದರೆ ಪಾರ್ಲಿಮೆಂಟ್ ಚುನಾವಣೆಯಲ್ಲೂ ಓಟು ಹಾಕಬಹುದು. ಪರ್ಮನೆಂಟ್ ಆಗಿ ಇರಲು ಅನುಮತಿ ಸಿಕ್ಕಿದ್ದರೆ ಚುನಾವಣೆಗೆ ನಿಲ್ಲಲೂಬಹುದು.

ತಾನಾಗಿ ಹೆಸರು ಸೇರುವುದಿಲ್ಲ, ಆನ್‌ಲೈನಿನಲ್ಲಿ ನೀವೇ ನೋಂದಾಯಿಸಬೇಕು. 2023ರಿಂದ ಮತಗಟ್ಟೆಯಲ್ಲಿ ಫೋಟೋ ಇರುವ ಗುರುತಿನ ಚೀಟಿ ತೋರಿಸಬೇಕು. ನಮ್ಮ ಪಾಸ್‌ಪೋರ್ಟ್ ನಡೆಯುತ್ತದೆ. ಬೆರಳಿಗೆ ಶಾಯಿ ಹಚ್ಚುವುದಿಲ್ಲ, ಹಾಗಾಗಿ ಊರಿಗೆ ಸೆಲ್ಫಿ ಕಳಿಸುವ ಆಸೆ ಬಿಟ್ಟುಬಿಡಿ. ದಾರಕ್ಕೆ ಕಟ್ಟಿದ ಒಂದು ಮೋಟು ಪೆನ್ಸಿಲ್ ಇಟ್ಟಿರುತ್ತಾರೆ. ಅದರಲ್ಲೇ ಕತ್ತರಿ ಗುರುತು ಹಾಕಿ, ಚೀಟಿ ಮಡಚಿ ಪೆಟ್ಟಿಗೆಗೆ ಹಾಕಿ ಬನ್ನಿ.